ಯಾರ ಟಾರ್ಚು ಮೊದಲು ಆರಿತು

ಮೊದಲು ಆ ಮೊಬೈಲಿನ ಬೆಳಕು ಆರಿಸಿ. ಕಣ್ಣಿಗೆ ಕುಕ್ಕುತ್ತದೆ. ಇದು ಬೆಳಕಿನಲ್ಲಿ ಕೂತು ಹೇಳುವ ವಿಷಯವೂ ಅಲ್ಲ.

ನನ್ನ ತಂಗಿ ಮಗ ಧರ್ಮೇಶ ಪಿಕಪ್ ಓಡಿಸ್ತಾನೆ. ಗೋಣಿಬೀಡು ಸುತ್ತಿನ ಕಾಫಿ ಮೂಟೆ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೊಡೆಯೋದು ಅವನ ಕೆಲಸ. ಕುಡಿಯೋದಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೇನೆ, ಯಾಕಂದ್ರೆ ಈ ಕತೆ ಕೇಳಿದವರೆಲ್ಲ ಮೊದಲು ಕೇಳೋದೇ ಅದು. ಅವನಿಗೆ ಬೇರೆ ಚಟ ಇದೆ, ಸಂಸೆ ಕಡೆ ಒಂದು ಮನೆಗೆ ಹೋಗಿಬರ್ತಾನೆ, ಆ ಮನೆ ಯಾರದ್ದು ಅಂತಲೂ ನನಗೆ ಗೊತ್ತು. ಇವತ್ತು ಬೇಡ. ಕುಡಿಯೋದಂತೂ ಇಲ್ಲ.

ಹೋದ ವರ್ಷ ಶಿವರಾತ್ರಿ ಹತ್ತಿರ. ಚಳಿ ಇನ್ನೂ ಬಿಟ್ಟಿರಲಿಲ್ಲ. ಮೂಟೆ ಇಳಿಸಿ ವಾಪಸ್ ಬರುವಾಗ ಮೇನ್ ರೋಡಿನಲ್ಲೇ ಪಿಕಪ್ಪಿನ ಕ್ಲಚ್ ವೈರು ಕಟ್ಟಾಯ್ತಂತೆ. ಮೊಬೈಲು ಸತ್ತಿತ್ತು. ಗಾಡಿ ಅಲ್ಲೇ ಬಿಟ್ಟು ಕಾಲುದಾರಿ ಹಿಡಿದ. ಕೈಯಲ್ಲಿ ಕೀಗೊಂಚಲಿನ ಸಣ್ಣ ಟಾರ್ಚು ಒಂದೇ.

ನಮ್ಮ ಕಡೆ ರಾತ್ರಿ ನಡೆಯೋರು ದೊಡ್ಡ ಟಾರ್ಚು ಹಿಡಿಯೋದಿಲ್ಲ. ಆನೆ ಮುಖಕ್ಕೆ ಬೆಳಕು ಬಿದ್ರೆ ಅದು ಬೆಳಕು ಬಂದ ಕಡೆಗೇ ನುಗ್ತದೆ ಅಂತ ನಮ್ಮವರ ಭಯ. ಅದಕ್ಕೇ ಎಲ್ಲರ ಸೊಂಟದಲ್ಲೂ, ಸೆರಗಿನ ತುದಿಯಲ್ಲೂ ಬೆರಳುದ್ದದ ಕೀಚೈನ್ ಟಾರ್ಚು. ಅಂಗೈಯೊಳಗೆ ಮುಚ್ಚಿ ಹಿಡಿದು, ಹೆಬ್ಬೆರಳಿನ ಮುಂದೆ ಒಂದು ಹೆಜ್ಜೆಯಷ್ಟು ಜಾಗಕ್ಕೆ ಮಾತ್ರ ಬೆಳಕು ಬಿಟ್ಟುಕೊಂಡು ನಡೆಯೋದು. ಊರಿಡೀ ಇದೇ. ಯಾರದ್ದು ಎಷ್ಟು ಹೊತ್ತು ಉರೀತು, ಯಾರದ್ದು ಬೇಗ ಹೋಯ್ತು ಅಂತ ಮದುವೆ ಮನೇಲೂ ಅದೇ ಮಾತು, ಸಾವಿನ ಮನೇಲೂ ಅದೇ ಮಾತು.

ಧರ್ಮೇಶ ಗದ್ದೆ ಬದಿಗೆ ಬಂದ. ಅಲ್ಲಿ ಆಲದ ಮರ. ಅದರ ಬುಡದಲ್ಲಿ ಹಳೇ ಬಾವಿ. ಬಾವಿಗೆ ಕಟ್ಟೆ ಇಲ್ಲ, ಅಂಚಿಗೆ ಜಾರುಗಲ್ಲು ಅಷ್ಟೆ, ದಾರಿ ಅದರ ಪಕ್ಕದಲ್ಲೇ. ಮಂಜು ಎಲೆಯಿಂದ ಎಲೆಗೆ ಬೀಳ್ತಿತ್ತು... ತಟ್... ತಟ್. ದೂರದಲ್ಲಿ ನತ್ತಿಂಗ ಹಕ್ಕಿ, ಚುಕ್ ಚುಕ್ ಚುಕ್ ಅಂತ, ತೆಂಗಿನ ಚಿಪ್ಪಿಗೆ ಕಡ್ಡಿ ಬಡಿದಂಗೆ. ಅವನು ಮರದ ಕೆಳಗೆ ಬಂದ ಕೂಡಲೆ ಹಕ್ಕಿ ನಿಂತುಹೋಯ್ತು.

ಆಮೇಲೆ ಇನ್ನೊಂದು ಶಬ್ದ.

ಟಿಕ್.

ಟಾರ್ಚಿನ ಗುಂಡಿ ಒತ್ತಿದ ಶಬ್ದ. ತನ್ನದೇ ಇರಬೇಕು ಅಂತ ಕೈ ನೋಡಿಕೊಂಡ. ಅವನ ಬೆರಳು ಗುಂಡಿ ಮೇಲಿರಲಿಲ್ಲ.

ಟಿಕ್... ಟಿಕ್. ಬಾವಿಯೊಳಗಿಂದ.

ಬಗ್ಗಿ ನೋಡಬಾರದಿತ್ತು. ನೋಡಿದ. ನೀರಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ಬೆಳಕು. ನಕ್ಷತ್ರ ಅಂದ್ಕೊಂಡ. ಮೇಲೆ ನೋಡಿದ್ರೆ ಆಲದ ಎಲೆ, ಅದರ ಮೇಲೆ ಮಂಜು... ನಕ್ಷತ್ರ ಎಲ್ಲಿಂದ ಬರ್ತದೆ?

ಅಷ್ಟರಲ್ಲಿ ಎಡಗಿವಿ ತಣ್ಣಗಾಯ್ತಂತೆ. ಒದ್ದೆ ಬಟ್ಟೆ ಹತ್ತಿರ ತಂದಂಗೆ. ಕಿವಿಯ ಬುಡದಲ್ಲೇ ಪಿಸುಮಾತು.

"ಅವಳದ್ದು... ಆರಿತಾ?"

ಧರ್ಮೇಶ ತಿರುಗಲಿಲ್ಲ. ತಿರುಗಬಾರದು ಅಂತ ಅವನಿಗೆ ನಾನೇ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು. ಎದುರಿನ ಗುಡ್ಡ ನೋಡಿದ. ಅಲ್ಲಿ ಒಂಟಿ ಮನೆಯ ಕಿಟಕಿಯಲ್ಲಿ ಮಸುಕಾಗಿ ಒಂದು ಚುಕ್ಕೆ ಬೆಳಕು ಕಂಡಿತು.

"ಇಲ್ಲ," ಅಂದ. "ಇನ್ನೂ ಇದೆ."

ಪಕ್ಕದಲ್ಲಿ ಒಂದು ಉಸಿರು... ತಲೆ ಮೇಲಿನ ಮೂಟೆ ಇಳಿಸೋಕೆ ಅಂತ ಬಗ್ಗಿದವನಿಗೆ, ಇಲ್ಲಲ್ಲ, ಇನ್ನೊಂದಷ್ಟು ದೂರ ಹೊರು ಅಂದ್ರೆ ಬರೋ ಉಸಿರು. ಆಮೇಲೆ ನೀರು ಬುಳಕ್ ಅಂತು.

ಅವನು ಓಡಿ ಬಂದು ನನ್ನ ಬಾಗಿಲಿಗೇ ಬಿದ್ದ. ಅವರಮ್ಮನ ಮನೆಗಿಂತ ನನ್ನ ಮನೆ ಹತ್ತಿರ. ಹಲ್ಲು ಕಟಕಟ ಅಂತಿತ್ತು. ಬಿಸಿ ಕಾಫಿ ಕುಡಿಸಿ, ಕಂಬಳಿ ಹೊದೆಸಿ, ವಿಷಯ ಎಲ್ಲ ಬಿಡಿಸಿಕೊಂಡೆ. ಸ್ವರ ಯಾರದ್ದು ಅಂತ ಕೇಳಿದೆ. ಅವನು ಹೆಸರು ಹೇಳಲಿಲ್ಲ. "ರೈಟರು" ಅಂದ ಅಷ್ಟೆ.

ರೈಟರು ಅಂದ್ರೆ ತಮ್ಮಯ್ಯ. ಮೇಲಿನ ಎಸ್ಟೇಟಿನ ರೈಟರು, ಆಳುಗಳ ಹಾಜರಿ, ಕಾಫಿ ತೂಕ ಎಲ್ಲ ನೋಡಿಕೊಳ್ತಿದ್ದವರು. ಆ ಬಾವಿಯಲ್ಲಿ ಅವರ ಹೆಣ ತೆಗೆದು ಆಗಿನ್ನೂ ತಿಂಗಳಾಗಿತ್ತೋ ಏನೋ.

ಕಿಟಕಿ ಯಾರದ್ದು ಅಂದ್ರೆ ಶಿವಗಂಗಮ್ಮನದ್ದು.

ಹಾಂ... ಈಗ ಹತ್ತಿರ ಬಂದ್ರಿ ನೋಡಿ. ದೆವ್ವಕ್ಕೆ ಬರಲಿಲ್ಲ, ಇದಕ್ಕೆ ಬಂದ್ರಿ.

ಶಿವಗಂಗಮ್ಮ ಬಹಳ ಚಿಕ್ಕ ವಯಸ್ಸಿಗೆ ಗಂಡನ್ನ ಕಳಕೊಂಡವಳು. ಮಕ್ಕಳಿಲ್ಲ. ಎರಡೆಕರೆ ರೋಬಸ್ಟಾ ಕಾಫಿ ಇದೆ, ಒಬ್ಬಳೇ ಕೊಯ್ದು, ಒಬ್ಬಳೇ ಒಣಗಿಸಿ, ಒಬ್ಬಳೇ ಮಾರ್ತಾಳೆ. ಐವತ್ತು ದಾಟಿದೆ, ಆದ್ರೆ ಕೂದಲು ಇನ್ನೂ ಕಪ್ಪು. ಎಂತ ಹಚ್ತಾಳೋ ಹೇಳೋದಿಲ್ಲ. ತಮ್ಮಯ್ಯನ ಹೆಂಡತಿಯೂ ಸತ್ತು ವರ್ಷಗಳಾಗಿದ್ವು. ಇವಳ ಕಾಫಿ ತೂಕ ಮಾಡೋಕೆ ಅವರೇ ಬರಬೇಕು. ಇವಳ ಬೇಲಿ ಮುರಿದ್ರೆ ಅವರೇ ಕಾಣಬೇಕು. ಇವಳ ಅಂಗಳದಲ್ಲಿ ಕೂತು ಕಾಫಿ ಕುಡಿಯೋಕೆ ಶುರು ಮಾಡಿದ್ರೆ ಲೋಟ ತಣ್ಣಗಾಗೋವರೆಗೂ ಏಳ್ತಿರಲಿಲ್ಲ. ನಮ್ಮ ಊರಲ್ಲಿ ಇದೆಲ್ಲ ಯಾರ ಕಣ್ಣಿಗೆ ಬೀಳೋದಿಲ್ಲ ಹೇಳಿ? ನನ್ನ ಅಡುಗೆಮನೆ ಕಿಟಕಿಯಿಂದ ಅವಳ ಅಂಗಳ ಪೂರ್ತಿ ಕಾಣ್ತದೆ. ನಾನು ಬೇಕು ಅಂತ ನೋಡೋದಲ್ಲ, ಪಾತ್ರೆ ತೊಳೆಯೋ ಜಾಗವೇ ಅಲ್ಲಿದೆ.

ಕೊಯ್ಲಿನ ಕಾಲದಲ್ಲಿ ತಮ್ಮಯ್ಯ ಎಸ್ಟೇಟಿನ ಕಣದಲ್ಲೇ ಮಲಗೋರು. ಒಣಗೋಕೆ ಹಾಕಿದ ಪಾರ್ಚ್‌ಮೆಂಟು ಕಾಫಿ ಬೀಜ ಕಾಯಬೇಕಲ್ಲ. ಕಣ ಈ ಕಡೆ ಗುಡ್ಡದಲ್ಲಿ, ಶಿವಗಂಗಮ್ಮನ ಮನೆ ಆ ಕಡೆ ಗುಡ್ಡದಲ್ಲಿ. ನಡುವೆ ಗದ್ದೆ, ಆಲದ ಮರ, ಬಾವಿ. ರಾತ್ರಿ ಕಣದಲ್ಲಿ ಸಣ್ಣದೊಂದು ಬೆಳಕು ಆಡೋದು. ಇವಳ ಕಿಟಕಿಯಲ್ಲಿ ಸಣ್ಣದೊಂದು ಬೆಳಕು ಆಡೋದು. ಹತ್ತೋದು, ಆರೋದು, ಮತ್ತೆ ಹತ್ತೋದು. ಪ್ರಾಯದ ಹುಡುಗರೂ ಹೀಗೆ ಮಾಡೋದಿಲ್ಲ ಮಾರಾಯ. ನಾನು ನಲ್ಲಿ ಹತ್ತಿರ, ಡೈರಿ ಹತ್ತಿರ, ಎಲ್ಲಿ ಸಿಕ್ಕಿದ್ರೆ ಅಲ್ಲಿ ಹೇಳಿದೆ. ಇದ್ದದ್ದನ್ನ ಹೇಳೋಕೆ ನನಗೇನು ಭಯ?

ಟಾರ್ಚು ಎರಡೂ ತಂದಿದ್ದು ಗೋಣಿಬೀಡಿನ ಶಂಶುದ್ದೀನ್ ಅಂಗಡಿಯಿಂದ. ಛತ್ರಿ, ಸ್ಟವ್, ಟಾರ್ಚು ರಿಪೇರಿ ಮಾಡೋ ಅಂಗಡಿ ಅದು. ತಮ್ಮಯ್ಯನದ್ದು ಚಾರ್ಜ್ ಮಾಡೋ ಜಾತಿ. ವೈರು ಚುಚ್ಚಿ ಇಟ್ರೆ ಆಯ್ತು, ಗಟ್ಟಿ ಮೈ, ಬಿಳೀ ಬೆಳಕು, ಅದರಲ್ಲೂ ಸಣ್ಣಕ್ಕೆ ಇಡೋ ಗುಂಡಿ. ಶಿವಗಂಗಮ್ಮ ತಗೊಂಡಿದ್ದು ಪ್ಲಾಸ್ಟಿಕ್ಕಿನ ಅಗ್ಗದ್ದು, ಒಳಗೆ ಬಿಲ್ಲೆ ಸೆಲ್ಲು, ವಾಚಿಗೆ ಹಾಕ್ತಾರಲ್ಲ ಅಂಥದ್ದು. ಶಂಶುದ್ದೀನ್ ಒಳ್ಳೇದನ್ನೇ ತೋರಿಸಿದನಂತೆ. ಅವಳು ಬೇಡ, ಇದೇ ಸಾಕು ಅಂದಳಂತೆ. ಜುಗ್ಗಿ ಅಂತ ನಾವೆಲ್ಲ ನಕ್ಕಿದ್ವಿ.

ಆ ಜನವರಿಯಲ್ಲಿ ಒಂದು ಬೆಳಿಗ್ಗೆ ಕಾಫಿ ಕೊಯ್ಯೋ ಹೆಂಗಸರು ಬಾವಿಯಲ್ಲಿ ಚಪ್ಪಲಿ ತೇಲೋದು ನೋಡಿದ್ರು. ಹಗ್ಗ ಬಿಟ್ಟು ತಮ್ಮಯ್ಯನ್ನ ಮೇಲೆತ್ತಿದ್ರು. ಕೈಯಲ್ಲಿ ಏನೂ ಇರಲಿಲ್ಲ. ಸ್ಟೋರಿನ ಕೀಗೊಂಚಲು, ಅದರಲ್ಲಿದ್ದ ಟಾರ್ಚು, ಎರಡೂ ಬಾವಿಯ ಕೆಸರಿಗೆ ಹೋಗಿತ್ತು. ಎಸ್ಟೇಟಿನವರು ಸ್ಟೋರಿನ ಬೀಗ ಒಡೆದ್ರು. ಕಣದಲ್ಲಿ ಅವರ ದೊಡ್ಡ ಟಾರ್ಚು ಹಾಗೇ ಗೂಟಕ್ಕೆ ನೇತಾಡ್ತಿತ್ತು. ನಾವ್ಯಾರೂ ರಾತ್ರಿ ಅದನ್ನ ಹಿಡಿಯೋದಿಲ್ಲ ಅನ್ನೋದು ಮರೆತು, ಅದನ್ನ ಬಿಟ್ಟು ಬಂದಿದಾರೆ ಅಂದ್ರೆ ಅರ್ಥ ಆಯ್ತಲ್ಲ, ಕದ್ದು ಹೊರಟಿದ್ರು ಅಂತ ಊರೆಲ್ಲ ಮಾತಾಡ್ತು. ಎಲ್ಲಿಗೆ ಅಂತಲೂ ಮಾತಾಡ್ತು. ಸಂಸೆಯಿಂದ ಅವರ ತಮ್ಮನ ಮನೆಯವರು ಬಂದು, ಹೆಣ ಸುಟ್ಟು, ಟ್ರಂಕು ಎತ್ತಿಕೊಂಡು ಹೋದ್ರು. ಶಿವಗಂಗಮ್ಮ ದೂರದಲ್ಲಿ, ಬೇಲಿಯಾಚೆ ನಿಂತಿದ್ದಳು. ಅಳಲಿಲ್ಲ. ಅಳೋಕೆ ಅವಳಿಗೆ ಯಾವ ಸಂಬಂಧ ಇತ್ತು? ಅತ್ತಿದ್ರೂ ನಾವು ಬಿಡ್ತಿರಲಿಲ್ಲ, ಅಳದಿದ್ದಕ್ಕೂ ಬಿಡಲಿಲ್ಲ.

ಅವತ್ತಿಂದ ಅವಳ ಕಿಟಕಿಯಲ್ಲಿ ಆ ಚುಕ್ಕೆ ಬೆಳಕು ಆರಿದ್ದೇ ಇಲ್ಲ.

ಧರ್ಮೇಶನಿಗೆ ಜ್ವರ ಏರಿತು. ಮಲಗಿದಲ್ಲೇ "ಇನ್ನೂ ಇದೆ, ಇನ್ನೂ ಇದೆ" ಅಂತಿದ್ದ. ಮರುದಿನ ಸಂಜೆ ನಾನು ಸೀದಾ ಶಿವಗಂಗಮ್ಮನ ಮನೆಗೆ ಹತ್ತಿದೆ. ಇಂಥ ಸುದ್ದಿ ಹೊಟ್ಟೇಲಿ ಇಟ್ಟುಕೊಂಡು ನನಗೆ ಅನ್ನ ಸೇರೋದಿಲ್ಲ. ಅವಳ ಮುಖ ಹೇಗಾಗ್ತದೆ ನೋಡಬೇಕು ಅಂತಲೂ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಅವಳು ಅಂಗಳದಲ್ಲಿ ಕಾಫಿ ಹಣ್ಣು ಗುಡ್ಡೆ ಮಾಡ್ತಿದ್ದಳು. ಧರ್ಮೇಶ ಕೇಳಿದ್ದನ್ನ ಕೇಳಿದ ಹಾಗೇ ಹೇಳಿದೆ. ಅವಳ ಕೈಲಿದ್ದ ಗೋರುಮಣೆ ಹಾಗೇ ನಿಂತಿತು.

"ಏನಂತ ಕೇಳಿದ್ರು?" ಅಂದಳು.

"ಅವಳದ್ದು ಆರಿತಾ ಅಂತ."

"ಧರ್ಮೇಶ ಏನಂದ?"

"ಇನ್ನೂ ಇದೆ ಅಂದನಂತೆ."

ಅವಳು ಜಗಲಿಗೆ ಬಂದು ಕೂತಳು. ಬಹಳ ಹೊತ್ತು ಕಿಟಕಿ ಕಡೆ ನೋಡ್ತಿದ್ದಳು. ಸರಳಿಗೆ ಕಟ್ಟಿದ್ದ ಆ ಪ್ಲಾಸ್ಟಿಕ್ ಟಾರ್ಚಿನ ಮೂತಿಯಲ್ಲಿ ಸಾಸಿವೆಯಷ್ಟು ಬೆಳಕು. ನಾನು ಬಾಯಿ ಮುಚ್ಚಿಕೊಂಡು ಕೂತೆ. ನಾನು ಬಾಯಿ ಮುಚ್ಚಿದ್ರೆ ಎದುರಿನವರು ಬಾಯಿ ಬಿಡ್ತಾರೆ, ಇದು ನನಗೆ ಮೊದಲಿಂದ ಗೊತ್ತು.

ಅವಳು ಹೇಳಿದ್ದು ಹೀಗೆ.

ತಮ್ಮಯ್ಯ ಅವಳನ್ನ ಕೇಳಿದ್ರಂತೆ, ಮದುವೆ ಆಗೋಣ ಅಂತ. ಒಂದು ಸಲ ಅಲ್ಲ, ತುಂಬಾ ಸಲ. ಅವಳು ಆಗೋದಿಲ್ಲ ಅಂತ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಕಡೆಗೆ ಅವಳೇ ಒಂದು ಪಂಥ ಕಟ್ಟಿದಳು. ಇಬ್ಬರೂ ಒಂದೇ ಸಂಜೆ ಟಾರ್ಚು ಹತ್ತಿಸೋದು. ಅವರು ಕಣದ ಗೂಟಕ್ಕೆ, ಇವಳು ಕಿಟಕಿಗೆ. ಹಗಲೂ ಆರಿಸೋ ಹಾಗಿಲ್ಲ, ಚಾರ್ಜಿಗೆ ಹಾಕೋ ಹಾಗಿಲ್ಲ, ಸೆಲ್ಲು ಬದಲಿಸೋ ಹಾಗಿಲ್ಲ. ಅದಾಗೇ ಆರಬೇಕು. ಇವಳದ್ದು ಮೊದಲು ಆರಿದ್ರೆ, ಇವಳು ಹಗಲು ಹೊತ್ತಿನಲ್ಲಿ ಎಲ್ಲರ ಎದುರು ಕಳಸದ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತು ದೇವಸ್ಥಾನಕ್ಕೆ ಹೋಗಬೇಕು. ಅಲ್ಲಿಂದ ಮುಂದೆ ಅವರು ಹೇಳಿದ ಹಾಗೆ. ಅವರದ್ದು ಮೊದಲು ಆರಿದ್ರೆ, ಅವರು ಇನ್ಯಾವತ್ತೂ ಆ ಮಾತು ಎತ್ತಬಾರದು.

ನಾನು ತಡೆಯೋಕಾಗದೆ ಕೇಳಿದೆ, ಹಾಗಾದ್ರೆ ಗೆಲ್ಲಬೇಕಿದ್ದವಳು ಆ ಅಗ್ಗದ್ದನ್ನ ಯಾಕೆ ತಗೊಂಡೆ ಅಂತ.

ಶಿವಗಂಗಮ್ಮ ನನ್ನನ್ನ ನೋಡಿದಳು.

"ಸೋಲೋಕೆ, ಅತ್ತೆ," ಅಂದಳು. "ನಾನಾಗೇ ಹೂಂ ಅಂದ್ರೆ ನೀವೆಲ್ಲ ಬದುಕೋಕೆ ಬಿಡ್ತಿದ್ರಾ? ಪಂಥದಲ್ಲಿ ಸೋತೆ, ಏನು ಮಾಡೋದು ಅಂತ ಹೇಳೋಕೊಂದು ನೆಪ ಬೇಕಿತ್ತು."

ಕಾಫಿ ಇದ್ರೆ ಕೊಡು ಅಂದೆ. ಅವಳು ಏಳಲಿಲ್ಲ.

ಟಾರ್ಚಿನ ವಿಷಯ ಇರೋದೇ ಅಲ್ಲಿ. ಆಮೇಲೆ ಶಂಶುದ್ದೀನ್ ನನಗೆ ಬಿಡಿಸಿ ಹೇಳಿದ. ಚಾರ್ಜಿನದ್ದು ಶುರುವಿನಲ್ಲಿ ಹೇಗೆ ಉರೀತದೋ ಕೊನೇವರೆಗೂ ಹಾಗೇ ಉರೀತದಂತೆ. ಬೆಳಕು ಕಮ್ಮಿ ಆಗೋದಿಲ್ಲ. ಆಮೇಲೆ ಒಂದು ಕ್ಷಣದಲ್ಲಿ ಹೋಗಿಬಿಡ್ತದೆ, ಹೇಳದೆ ಕೇಳದೆ. ಬಿಲ್ಲೆ ಸೆಲ್ಲಿಂದು ಹಾಗಲ್ಲ. ಮೊದಲ ರಾತ್ರಿಯಿಂದಲೇ ಸೋರ್ತಾ ಬರ್ತದೆ. ನಾಳೆ ಸಾಯ್ತದೆ, ನಾಳೆ ಸಾಯ್ತದೆ ಅಂತ ನೋಡ್ತಾ ಇದ್ರೆ ಸಾಯೋದೇ ಇಲ್ಲ, ಚುಕ್ಕೆಯಾಗಿ ಕೂತಿರ್ತದೆ. ನಡೆಯೋಕೆ ಉಪಯೋಗ ಇಲ್ಲ, ಆದ್ರೆ ಆರಿತು ಅನ್ನೋಕೂ ಬರೋದಿಲ್ಲ. ಇದನ್ನ ಅವರಿಬ್ಬರೂ ಅವನ ಹತ್ತಿರ ಕೇಳಿರಲೇ ಇಲ್ಲ. ಕೇಳೋಕೆ ನಾಚಿಕೆ ಇದ್ದಿರಬೇಕು, ಆ ವಯಸ್ಸಿಗೆ.

ಮೊದಲ ರಾತ್ರಿ ಎರಡೂ ಉರಿದ್ವು. ಎರಡನೇ ರಾತ್ರಿ ಇವಳದ್ದು ಮಸುಕಾಗಿ ಕಾಳಿನಷ್ಟಾಯ್ತು. ಇನ್ನೇನು ಆರ್ತದೆ ಅಂತ ಇವಳು ಕಿಟಕಿ ಹತ್ತಿರ ಹೊಸ ಸೀರೆ ತೆಗೆದಿಟ್ಟುಕೊಂಡು ಕೂತಿದ್ದಳಂತೆ... ಬಸ್ಸಿಗೆ ಉಡೋಕೆ. ಇದನ್ನ ಹೇಳುವಾಗ ಅವಳು ನಕ್ಕಳು. ಆ ನಗು ನೋಡೋಕಾಗದೆ ನಾನು ಬೇಲಿ ಕಡೆ ನೋಡಿದೆ.

ಹೊತ್ತು ಬಹಳ ಆಗಿತ್ತು. ಎದುರು ಗುಡ್ಡದಲ್ಲಿ ತಮ್ಮಯ್ಯನ ಬೆಳಕು ಗೂಟದಿಂದ ಇಳೀತು. ಇಳಿದು ನಡೆಯೋಕೆ ಶುರುವಾಯ್ತು. ಕಣ ಬಿಟ್ಟು, ಗದ್ದೆ ಕಡೆ, ಇವಳ ಮನೆ ಕಡೆ. ಪಂಥದ ಪ್ರಕಾರ ಅದನ್ನ ಆರಿಸೋ ಹಾಗಿಲ್ಲವಲ್ಲ, ಹಾಗಾಗಿ ಹತ್ತಿಸಿಕೊಂಡೇ ಬರ್ತಿದ್ರು. ತಡೆಯೋಕಾಗದೆ ಬರ್ತಿದಾರೆ ಅಂತ ಇವಳು ಅಂದ್ಕೊಂಡಳು.

ಅವರು ಬಂದಿದ್ದು ಅದಕ್ಕಲ್ಲ. ಒಂಟಿ ಸಲಗ ಇವಳ ತೋಟದ ಕೆಳಗೆ ದಾಟಿದೆ ಅಂತ ಆನೆ ಬಂದ್ರೆ ತಿಳಿಸೋ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂದಿತ್ತು. ಇವಳ ಮನೇಲಿ ಸಿಗ್ನಲ್ಲು ಇಲ್ಲ. ಹೊರಗೆ ಬರಬೇಡ ಅಂತ ಹೇಳೋಕೆ ಹೊರಟಿದ್ರು ಪುಣ್ಯಾತ್ಮರು. ಅದಕ್ಕೇ ದೊಡ್ಡ ಟಾರ್ಚು ಮುಟ್ಟಲಿಲ್ಲ, ಅದಕ್ಕೇ ಕೂಗಲೂ ಇಲ್ಲ. ಆ ಮೆಸೇಜು ಗ್ರೂಪಿಗೆ ಹಾಕಿದ್ದು ನಮ್ಮ ಧರ್ಮೇಶನೇ, ಆಮೇಲೆ ಅವನೇ ಹೇಳಿದ. ಬೆಳಿಗ್ಗೆ ಇವಳ ಬೇಲಿ ಹತ್ತಿರ ಆನೆ ಲದ್ದಿ ನಾವೆಲ್ಲ ನೋಡಿದ್ದೆವು. ನೋಡಿಯೂ ನಮ್ಮ ಕತೆ ನಾವು ಬಿಡಲಿಲ್ಲ.

ಬೆಳಕು ಆಲದ ಮರದ ಹತ್ತಿರ ಬಂತು. ಆರಿತು.

ಮಸುಕಾಗಲಿಲ್ಲ, ಮಿಣುಕಲಿಲ್ಲ. ಇದ್ದದ್ದು ಇಲ್ಲ ಆಯ್ತು. ಬೆಳಕು ನೋಡ್ತಿದ್ದ ಕಣ್ಣಿಗೆ ಒಮ್ಮೆಲೇ ಕತ್ತಲೆ ಬಂದ್ರೆ ತನ್ನ ಕೈ ತನಗೆ ಕಾಣೋದಿಲ್ಲ. ದಾರಿ ಎಷ್ಟು ಗೊತ್ತಿದ್ರೂ ಅಷ್ಟೆ. ಒಂದೇ ಒಂದು ಹೆಜ್ಜೆ.

"ಶಬ್ದ ಕೇಳ್ತು, ಅತ್ತೆ," ಅಂದಳು ಶಿವಗಂಗಮ್ಮ. "ದುಡುಂ ಅಂತ, ನೀರಲ್ಲಿ. ಸೋತ ಕೋಪಕ್ಕೆ ಟಾರ್ಚನ್ನ ಬಾವಿಗೆ ಎಸೆದು ವಾಪಸ್ ಹೋದ್ರು ಅಂದ್ಕೊಂಡೆ. ನನಗೂ ಸಿಟ್ಟು ಬಂತು. ಉಳಿದಿದ್ದು ನಾಲ್ಕು ಹೆಜ್ಜೆ, ಕತ್ತಲಲ್ಲೇ ಬರಬಾರದಿತ್ತಾ ಅಂತ. ಕಿಟಕಿ ಹಾಕ್ಕೊಂಡು ಮಲಗಿದೆ."

ಕೈ ಚಾಚಿ ಜಗಲಿ ಬುಡದ ಗುಡ್ಡೆಯಿಂದ ಒಂದು ಕಾಫಿ ಹಣ್ಣು ತೆಗೆದಳು.

"ಅಷ್ಟು ಸಣ್ಣ ಟಾರ್ಚಿಗೆ ಅಷ್ಟು ದೊಡ್ಡ ಶಬ್ದ ಬರ್ತದಾ ಅಂತ ಯೋಚನೆ ಮಾಡ್ಲಿಲ್ಲ ನಾನು."

ನಾನು ಈ ಊರಲ್ಲಿ ಎಷ್ಟೋ ಜನ ಅಳೋದು ನೋಡಿದೀನಿ, ಕೆಲವರು ಅಳೋದು ನೋಡೋಕೆ ಅಂತಲೇ ಹೋಗಿದೀನಿ. ಅವಳು ಅಳಲಿಲ್ಲ. ಗುಡ್ಡೆಯಿಂದ ಒಂದೊಂದೇ ಕಾಫಿ ಹಣ್ಣು ತೆಗೆದು ಹಿಸುಕ್ತಿದ್ದಳು... ಪಿಚ್... ಪಿಚ್. ಬೆರಳೆಲ್ಲ ಕೆಂಪಾಯ್ತು.

ಆ ಟಾರ್ಚನ್ನ ಇಷ್ಟು ದಿನ ಯಾಕೆ ಆರಿಸಲಿಲ್ಲ ಅಂತ ಕೇಳಿದೆ. ಸೆಲ್ಲು ಬದಲಿಸಿಲ್ಲ, ಮುಟ್ಟೇ ಇಲ್ಲ ಅಂತ ಗಂಡನ ಹೆಸರಲ್ಲಿ ಆಣೆ ಇಟ್ಟಳು. ಅದಾಗೇ ಆರಬೇಕು, ಕೈ ಹಾಕಿದ್ರೆ ಮೋಸ ಆಗ್ತದೆ ಅಂತ ಕಾಯ್ತಿದ್ದಾಳೆ. ಅದು ಆರಿದ್ರೆ ಆಗ ತಾನೂ ಸೋತ ಹಾಗೆ, ಅಲ್ಲಿವರೆಗೆ ಗೆದ್ದ ಹಾಗೆ. ಗೆದ್ದು ಕೂತಿದ್ದಾಳೆ ಪಾಪ. ಬಿಲ್ಲೆ ಸೆಲ್ಲು ಚುಕ್ಕೆಯಾಗಿ ಉರಿದ್ರೂ ಒಂದು ವಾರ, ಹೆಚ್ಚು ಅಂದ್ರೆ ಇನ್ನೊಂದಿಷ್ಟು ದಿನ ಅಂತಾನೆ ಶಂಶುದ್ದೀನ್. ಇದು ಜನವರಿಯಿಂದ ಶಿವರಾತ್ರಿವರೆಗೂ ಉರೀತಿತ್ತು. ಯಾಕೆ ಅಂತ ನನ್ನನ್ನ ಕೇಳಬೇಡಿ.

ನನಗೆ ಸಿಟ್ಟು ಬಂತು. "ಅಲ್ಲಿ ಅವನು ತಣ್ಣೀರಲ್ಲಿ ನಿಂತು ಕಂಡೋರ ಹತ್ತಿರ ವಿಚಾರಿಸ್ತಿದಾನೆ, ನೀನಿಲ್ಲಿ ನಿಯಮ ಹಿಡ್ಕೊಂಡು ಕೂತಿದೀಯಾ ಮಾರಾಯ್ತಿ? ಏಳು," ಅಂದೆ.

ಎದ್ದಳು. ಸರಳಿನಿಂದ ಟಾರ್ಚು ಬಿಚ್ಚಿದಳು. ಕತ್ತಲಾಗಿತ್ತು. ನಾವಿಬ್ಬರೇ ಇಳಿದ್ವಿ. ನಾನು ಯಾಕೆ ಹೋದೆ ಅಂತ ಕೇಳ್ತೀರಾ? ಹೋಗದೆ ಇದ್ರೆ ಆಮೇಲೆ ಇನ್ನೊಬ್ಬರ ಬಾಯಿಂದ ಕೇಳಬೇಕಾಗ್ತಿತ್ತು.

ಆಲದ ಮರದ ಕೆಳಗೆ ಗಾಳಿ ಇರಲಿಲ್ಲ. ಮಂಜಿನ ಹನಿ... ತಟ್. ಒಣ ಎಲೆ ಮೇಲೆ ನಮ್ಮ ಕಾಲು... ಚರ್... ಚರ್. ಬಾವಿಯ ಅಂಚಿನಿಂದ ದೂರದಲ್ಲೇ ನಾನು ನಿಂತೆ, ಬೇರು ಹಿಡಕೊಂಡು. ಅವಳು ಜಾರುಗಲ್ಲಿನ ಹತ್ತಿರವೇ ಹೋಗಿ ಕುಕ್ಕರುಗಾಲಲ್ಲಿ ಕೂತಳು. ನನಗೆ ನೀರು ಕಾಣ್ತಿರಲಿಲ್ಲ. ಅವಳ ಮುಖ ಕಾಣ್ತಿತ್ತು. ಕತ್ತಲಲ್ಲಿ ಹೇಗೆ ಕಾಣ್ತು ಅಂತ ಕೇಳಿ. ಕೆಳಗಿಂದ ಬೆಳಕು ಬೀಳ್ತಿತ್ತು ಮುಖದ ಮೇಲೆ. ಬಿಳೀ ಬೆಳಕು.

ಅವಳು ತನ್ನ ಟಾರ್ಚನ್ನ ಬಾವಿಯ ಮೇಲೆ ಹಿಡಿದಳು, ಕೆಳಗಿದ್ದವರಿಗೆ ಕಾಣೋ ಹಾಗೆ. ಗುಂಡಿ ಒತ್ತಿದಳು.

ಟಿಕ್.

"ರೈಟರೇ," ಅಂದಳು, ಮಕ್ಕಳನ್ನ ಮಲಗಿಸೋ ಸ್ವರದಲ್ಲಿ. "ನಂದು ಆರಿತು. ನಾನೇ ಸೋತೆ."

ಏನೂ ಇಲ್ಲ. ಹನಿ ಕೂಡ ಬೀಳಲಿಲ್ಲ.

"ಸೋಮವಾರ ಬೆಳಿಗ್ಗೆ ಬಸ್ಸಿಗೆ ಬನ್ನಿ," ಅಂದಳು.

ಆಗ ಕೆಳಗಿಂದ ಒಂದೇ ಸಲ... ಟಿಕ್. ಅವಳ ಮುಖ ಕತ್ತಲಾಯ್ತು. ಗದ್ದೆಯ ಆಚೆ ನತ್ತಿಂಗ ಕೂಗೋಕೆ ಶುರು ಮಾಡ್ತು.

ಆ ಸೋಮವಾರ ನಾನೂ ಮೂಡಿಗೆರೆಯಲ್ಲಿ ಅದೇ ಬಸ್ಸು ಹತ್ತಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ, ನನಗೇನು ನಷ್ಟ? ಹಿಂದಿನ ಸೀಟಲ್ಲಿ ಕೂತೆ. ಅವಳು ಮುಂದೆ, ಎರಡು ಸೀಟಿನ ಕಡೆ, ಕಿಟಕಿ ಪಕ್ಕದ ಜಾಗ ಖಾಲಿ ಬಿಟ್ಟು ಈಚೆ ಕೂತಿದ್ದಳು. ಆ ಹೊಸ ಸೀರೆ ಉಟ್ಟಿದ್ದಳು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಕಂಡಕ್ಟರು ಬಂದು ಅವಳಿಗೆ ಹೆಂಗಸರ ಫ್ರೀ ಟಿಕೇಟು ಹರಿದುಕೊಟ್ಟ. ಅವಳು ದುಡ್ಡು ಮುಂದೆ ಹಿಡಿದಳು.

"ಗಂಡಸರದ್ದು ಒಂದು. ಕಳಸಕ್ಕೆ."

ಗಂಡಸರು ಎಲ್ಲಮ್ಮ ಅಂತ ಅವನು ಕೇಳಿದ. ಅವಳು ಮುಂದೆ ಹಿಡಿದ ಕೈ ಹಿಂದಕ್ಕೆ ತಗೊಳ್ಳಲಿಲ್ಲ. ಅವನು ಟಿಕೇಟು ಕೊಟ್ಟು ಮುಂದೆ ಹೋದ. ನಮ್ಮೂರ ನಾಲ್ಕೈದು ಜನ ಬಸ್ಸಲ್ಲಿದ್ರು, ಕತ್ತು ತಿರುಗಿಸಿ ತಿರುಗಿಸಿ ನೋಡಿದ್ರು. ಅವಳು ತಲೆ ಬಗ್ಗಿಸಲಿಲ್ಲ.

ಕೊಟ್ಟಿಗೆಹಾರದಲ್ಲಿ ಕಾಲೇಜಿನ ಮಕ್ಕಳು ತುಂಬಿಕೊಂಡ್ವು. ನಿಲ್ಲೋಕೂ ಜಾಗ ಇಲ್ಲ. ಜಡೆ ಹಾಕಿದ ಒಬ್ಬ ಹುಡುಗಿ, ಮೊಬೈಲು ನೋಡ್ಕೊಂಡೇ, ಶಿವಗಂಗಮ್ಮನ ಮೊಣಕಾಲು ದಾಟಿ ಆ ಖಾಲಿ ಜಾಗಕ್ಕೆ ಕೂರೋಕೆ ಹೋದಳು. ಅರ್ಧ ಬಗ್ಗಿದವಳು ತಟ್ಟನೆ ಎದ್ದಳು.

"ಸಾರಿ ಅಂಕಲ್, ನೋಡ್ಲಿಲ್ಲ," ಅಂದಳು. ಹಿಂದೆ ಬಂದು ಕಂಬಿ ಹಿಡಿದು ನಿಂತಳು, ಮತ್ತೆ ಮೊಬೈಲು ನೋಡ್ತಾ.

ಶಿವಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕಳಸ ಬರೋವರೆಗೂ ತೆಗೀಲಿಲ್ಲ.

ಯುಗಾದಿ ಕಳೆದ ಮೇಲೆ ಎಸ್ಟೇಟಿನವರು ಬಾವಿ ಕೆಸರೆತ್ತಿಸಿ ಕಟ್ಟೆ ಕಟ್ಟಿಸಿದ್ರು. ಕೆಸರಲ್ಲಿ ಕೀಗೊಂಚಲು ಸಿಕ್ತು, ತುಕ್ಕು ಹಿಡಿದು. ಅದರಲ್ಲಿ ತಮ್ಮಯ್ಯನ ಟಾರ್ಚು. ಶಂಶುದ್ದೀನ್ ಹತ್ತಿರ ತೋರಿಸಿದ್ರೆ, ಇಷ್ಟು ದಿನ ನೀರಲ್ಲಿದ್ದದ್ದು ಕಸಕ್ಕೂ ಬೇಡ ಅಂದ. ಬಟ್ಟೇಲಿ ಒರೆಸಿ ಸುಮ್ಮನೆ ಗುಂಡಿ ಒತ್ತಿದ. ಹತ್ತಿತು. ಅವನು ಅದನ್ನ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡ. ಧರ್ಮೇಶ ಅಲ್ಲೇ ನಿಂತಿದ್ದ, ಕೇಳಿ ಬೇಕಾದ್ರೆ. ಯಾರೂ ಬೇಡ ಅಂತ ಬಿಟ್ಟಿದ್ದನ್ನ ಶಿವಗಂಗಮ್ಮ ಬಂದು ತಗೊಂಡು ಹೋದಳು. ಅವಳ ಪ್ಲಾಸ್ಟಿಕ್ಕಿನದ್ದು ಆ ರಾತ್ರಿ ಆರಿದ್ದು ಮತ್ತೆ ಹತ್ತಲೇ ಇಲ್ಲ, ಹೊಸ ಸೆಲ್ಲು ಹಾಕಿದ್ರೂ.

ತಮ್ಮಯ್ಯನ ಟಾರ್ಚಿನ ಚಾರ್ಜರ್ ವೈರು ಅವರ ಟ್ರಂಕಿನ ಜೊತೆ ಸಂಸೆಗೆ ಹೋಗಿದೆ. ಶಂಶುದ್ದೀನ್ ಅಂಗಡೀಲೂ ಆ ತೂತಿನ ವೈರು ಈಗ ಬರೋದಿಲ್ಲ. ಮೊನ್ನೆ ಅವಳು ತೋಟಕ್ಕೆ ಇಳಿದಾಗ ಬಾಗಿಲು ಹಾಕಿರಲಿಲ್ಲ, ನಾನೇ ಒಳಗೆ ಹೋಗಿ ಹುಡುಕಿದೆ. ಗೂಡು, ಪೆಟ್ಟಿಗೆ, ಅಕ್ಕಿ ಡಬ್ಬ, ಹಾಸಿಗೆ ಕೆಳಗೆ, ಎಲ್ಲ. ವೈರು ಇಲ್ಲ.

ಅವರ ಟಾರ್ಚು ಕಿಟಕಿ ಸರಳಿನಲ್ಲಿತ್ತು. ಹಾಡುಹಗಲು. ಉರೀತಿತ್ತು. ನಾನು ಕಣ್ಣಾರೆ ನೋಡಿದ್ದು.